ಗೌರಪದನ ಕೌದಿ

ಕಡಲು ಸೇರುವ ಮಾತಲಾ ನದಿಯ, ಕರೆಂಟು ಕಂಬ ಬಾರದ ಈ ನಡುಗಡ್ಡೆಯಲ್ಲಿ ಯಾರು ಮದುವೆಗೆ ಕರೆದರೂ ಗೌರಪದ ಮಂಡಲ್ ಮೊದಲು ಕೇಳುವುದು ಊಟ ಎಷ್ಟು ಹೊತ್ತಿಗೆ ಎಂದು. ಬಿಸಿಲು ನೆತ್ತಿಗೇರಿತೆಂದರೆ ಅವನನ್ನು ಹಿಲ್ಸಾ ಮೀನೂ ತಡೆಯಲಾರದು. ಅರ್ಧ ಊಟದಲ್ಲೇ ಎದ್ದು ಎಂಜಲು ಕೈಯಲ್ಲಿ ಮನೆಗೆ ಓಡುತ್ತಾನೆ. ಮಂಚದ ಕೆಳಗಿನ ಬ್ಯಾಟರಿಗೆ ಕಿವಿಯಾನಿಸಿ, ಒಳಗೆ ನೀರು ಕುದಿಯುವ ಸದ್ದು ಕೇಳಿಸಿತೋ, ಏಣಿ ಹತ್ತಿ ಮಾಡಿನ ಮೇಲಿನ ಸೋಲಾರ್ ಫಲಕಕ್ಕೆ ಹಳೆಯ ಕೌದಿ ಹೊದಿಸಿಬಿಡುತ್ತಾನೆ. ಚಾರ್ಜು ತುಂಬಿದೊಡನೆ ಕರೆಂಟು ತಡೆಯುತ್ತಿದ್ದ ಪುಟ್ಟ ಪೆಟ್ಟಿಗೆ ಉಪ್ಪುಗಾಳಿಗೆ ತುಕ್ಕು ಹಿಡಿದು ಕೆಟ್ಟಂದಿನಿಂದ ಆ ಕೆಲಸ ಅವನದೇ. ಬಂದವರಿಗೆ ಬೇಡವೆಂದರೂ ಅನ್ನ ಬಡಿಸುವವನು ಬ್ಯಾಟರಿಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು: "ಹೊಟ್ಟೆ ತುಂಬಿದ್ಮೇಲೂ ಉಣ್ಸಿದ್ರೆ ಮನುಷ್ಯ ವಾಂತಿ ಮಾಡ್ತಾನೆ, ಇದು ಸತ್ತೇ ಹೋಗುತ್ತೆ." "ಮಾಗಿ ಚಳೀಲಿ ನನಗೆ ಒಂದಿನಾನೂ ಹೊದಿಸ್ಲಿಲ್ಲ, ಬಿಸಿಲಲ್ಲಿ ಬಿದ್ದಿರೋ ಅದಕ್ಕೆ ಕೌದಿ" ಎಂದು ಹೆಂಡತಿ ಕುಸುಮ ಚುಚ್ಚುತ್ತಾಳೆ. ಅವನು ಕೌದಿಯ ಅಂಚಿಗೆ ಇಟ್ಟಿಗೆ ಹೇರುತ್ತಿರುತ್ತಾನೆ. ಕುಸುಮ ಊರಿನ ಸೂಲಗಿತ್ತಿ. ಒಮ್ಮೆ ಹಿಂದಿನ ಬ್ಯಾಟರಿ ಹೀಗೇ ಕುದ್ದು ಸತ್ತ ಸಂಜೆ, ಒಯ್ಯಲು ದೀಪವಿಲ್ಲದೆ ಅವಳು ಕತ್ತಲಲ್ಲಿ ಕೈ ತಡವಿಯೇ ಹೆರಿಗೆ ಮಾಡಿಸಿ ಬಂದು, ಬಾಗಿಲಲ್ಲೇ ಕೂತುಬಿಟ್ಟಿದ್ದಳು. ಈಗ ಯಾರ ಮನೆಯಿಂದ ಕರೆ ಬಂದರೂ ಗೌರಪದ ಬ್ಯಾಟರಿಯನ್ನು ಹೆಗಲಿಗೇರಿಸಿ ಅವಳ ಹಿಂದೆ ನಡೆಯುತ್ತಾನೆ. ದೀಪದ ತಂತಿಯನ್ನು ಕಿಟಕಿಯೊಳಗೆ ಇಳಿಬಿಟ್ಟು, ಕಿಟಕಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಒಳಗೆ ಕೂಸು ಅತ್ತೊಡನೆ ಉಳಿದವರೆಲ್ಲ ಗಂಡೋ ಹೆಣ್ಣೋ ಎಂದು ಕೇಳುತ್ತಾರೆ. ಗೌರಪದ ಕೇಳುವುದು ಒಂದೇ: "ಬೆಳಕು ಸಾಕಾಯ್ತೇನೇ?"