ರಸ್ತೆ ತುಳಿಯದ ಶೂ

ಅಮೆರಿಕದಲ್ಲಿ ಸುವಾನಿಯ ಹತ್ತಿರ ನಾನಿರುವ ಊರಿನಲ್ಲಿ ಒಂದು ತರಕಾರಿ ತೋಟವಿದೆ. ಜಾಗ ಸಿಟಿ ಕೌನ್ಸಿಲಿನದು, ನಡೆಸುವವರು ಅಲ್ಲಿ ಬೆಳೆಯುವ ನಾವೇ. ಒಬ್ಬೊಬ್ಬರಿಗೆ ಒಂದೊಂದು ಪಾತಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅಂದಿನಿಂದಲೂ ಹೋಟೆಲಿನ ಒಲೆ ಮುಂದೆ ನಿಂತವನು. ನನ್ನ ಕೆಲಸ ಸರಿಯಿಲ್ಲ ಎಂದವರು ಯಾರೂ ಇಲ್ಲ. ಕೋವಿಡ್ ಬಂದು ಹೋಟೆಲ್ ಮುಚ್ಚಿತು. ಕೈ ಸುಮ್ಮನಿರಲಿಲ್ಲ, ಬೇಲಿ ಪಕ್ಕದ ಒಂದು ಪಾತಿ ಹಿಡಿದೆ. ಹೋಟೆಲ್ ಮತ್ತೆ ತೆರೆದ ಮೇಲೂ ಬಿಡಲಿಲ್ಲ.

ನಮ್ಮ ಕಡೆ ಬದುವಿನ ಮೇಲೆ ಚಪ್ಪಲಿ ಬಿಟ್ಟೇ ಹೊಲಕ್ಕೆ ಇಳಿಯುವುದು. ಇಲ್ಲಿಯೂ ಗೇಟಿನ ಬಳಿ ಬಿಡುತ್ತಿದ್ದೆ. ನೋಡನೋಡುತ್ತ ಬೇರೆಯವರೂ ಬಿಟ್ಟರು. ಶನಿವಾರ ಬಂದರೆ ಗೇಟಿನ ಮುಂದೆ ದೇವಸ್ಥಾನದ ಬಾಗಿಲಲ್ಲಿ ಇದ್ದಷ್ಟು ಚಪ್ಪಲಿ.

ಒಂದು ಬೇಸಿಗೆ ಪಕ್ಕದ ಪಾತಿಯವನು ಬರಿಗಾಲಲ್ಲಿ ಕೆಂಪಿರುವೆ ಗೂಡು ತುಳಿದ. ಕಾಲು ಊದಿ ಆಸ್ಪತ್ರೆಗೆ ಹೋಗಬೇಕಾಯಿತು. ಸುದ್ದಿ ಕೌನ್ಸಿಲಿಗೆ ಮುಟ್ಟಿತು. ತೋಟದ ಉಸ್ತುವಾರಿ ನೋಡುವ ಮೈಸೂರಿನ ಹುಡುಗಿ ನನ್ನ ಹತ್ತಿರ ಬಂದಳು.

"ಅಂಕಲ್, ಇನ್ಮೇಲೆ ಶೂ ಕಂಪಲ್ಸರಿ. ಬರಿಗಾಲಲ್ಲಿ ಕಂಡ್ರೆ ಪಾತಿ ವಾಪಸ್ ತಗೋತಾರಂತೆ."

"ತಗೊಳ್ಳಲಿ. ಬೀದಿ ಕೊಳೆ ಮೆತ್ಕೊಂಡು ಬೆಳೆ ಇರೋ ಮಣ್ಣು ತುಳಿಯೋನಲ್ಲ ನಾನು."

"ಅಯ್ಯೋ, ಕಿಚನ್‌ನಲ್ಲಿ ಶೂ ಹಾಕೋದಿಲ್ವಾ ನೀವು?"

"ಅದು ಸಿಮೆಂಟ್ ಕಣಮ್ಮ."

"ಸರಿ ಬಿಡಿ, ನಿಮ್ಮ ಗೋರಿಕಾಯಿ ನಾನೇ ಕಿತ್ಕೊಂಡು ಹೋಗ್ತೀನಿ," ಎಂದು ನಕ್ಕು ಹೋದಳು.

ಮೂರು ವಾರ ಪಾತಿಗೆ ಇಳಿಯಲಿಲ್ಲ. ದಾರಿಯಲ್ಲೇ ನಿಂತು ಪೈಪಿನಿಂದ ನೀರು ಬಿಟ್ಟೆ. ಗೋರಿಕಾಯಿ ಬಲಿತು ನಾರಾಯಿತು, ಕಳೆ ಮೊಣಕಾಲಿಗೆ ಬಂತು. ಕಳೆ ಬೆಳೆಸಿದ ಪಾತಿಯನ್ನೂ ವಾಪಸ್ ತೆಗೆದುಕೊಳ್ಳುವುದು ಅವರ ನಿಯಮ. ನನ್ನ ಹಟಕ್ಕಿಂತ ಕಳೆ ಬೇಗ ಬೆಳೆಯುತ್ತಿತ್ತು.

ಅಂಗಡಿಗೆ ಹೋಗಿ ಹೊಸ ಶೂ ತಂದೆ. ಡಬ್ಬಿಯಲ್ಲೇ ಇಟ್ಟುಕೊಂಡು ತೋಟಕ್ಕೆ ಒಯ್ದೆ. ಓಡಾಡುವ ಶೂ ಗೇಟಿನ ಬಳಿ ಬಿಟ್ಟು, ಇದನ್ನು ಹಾಕಿಕೊಂಡು ಪಾತಿಗೆ ಇಳಿದೆ. ಕೆಲಸ ಮುಗಿದ ಮೇಲೆ ಗೇಟಿನ ಪಕ್ಕದ ಶೆಡ್ಡಿನಲ್ಲಿ ಇಟ್ಟೆ. ಅದು ಇವತ್ತಿಗೂ ರಸ್ತೆ ತುಳಿದಿಲ್ಲ.

ಮುಂದಿನ ಶನಿವಾರ ಕೌನ್ಸಿಲಿನಿಂದ ಒಬ್ಬರು ನೋಡಲು ಬಂದರು. ನಾನು ಗೇಟಿನಲ್ಲಿ ಶೂ ಬದಲಿಸುವುದನ್ನು ಕಂಡು ಏಕೆಂದು ಕೇಳಿದರು. ಹುಡುಗಿ ಇಂಗ್ಲಿಷಿನಲ್ಲಿ ವಿವರಿಸಿದಳು. ಕಾಲಲ್ಲಿ ಶೂ ಇದ್ದರೆ ಸಾಕು, ಯಾವುದಾದರೇನು ಎಂದರು. ಆಮೇಲೆ ನನ್ನ ಅವರೆಕಾಯಿ ಬಳ್ಳಿಯ ಚಪ್ಪರವನ್ನು ಹತ್ತಿರದಿಂದ ನೋಡಬೇಕೆಂದು ಪಾತಿಯತ್ತ ಕಾಲೆತ್ತಿದರು.

ನಾನು ಅವರ ಬೂಟು ನೋಡಿದೆ, ಮುಖ ನೋಡಿದೆ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡು ದಾರಿಯಿಂದಲೇ ನೋಡಿದರು.

ಪಾತಿ ಉಳಿಯಿತು. ಈಗ ಮಣ್ಣು ಒಣಗಿದೆಯೋ ಇಲ್ಲವೋ ಪಾದಕ್ಕೆ ಗೊತ್ತಾಗುವುದಿಲ್ಲ. ನೀರು ಬಿಡುವ ಮುಂಚೆ ಬಗ್ಗಿ ಕೈಯಿಟ್ಟು ನೋಡುತ್ತೇನೆ.