ಅಂಬರಾಯ ಉಗುಳುವ ಸಿಹಿ

ಸೇಡಂ ಹೊರವಲಯದ ಸಿಮೆಂಟ್ ಕಾರ್ಖಾನೆಯ ಅತಿಥಿಗೃಹದ ಮಾಳಿಗೆ. ಆಗತಾನೆ ಬೆಳಕು ಹರಿಯುತ್ತಿದೆ. ಅಡುಗೆಯ ಅಂಬರಾಯ ಅವರು ಹೊಟ್ಟೆ ದಪ್ಪದ ಗಾಜಿನ ಜಾಡಿಯ ಮೇಲಿನ ಬೂದುಬಣ್ಣದ ಧೂಳು ಒರೆಸಿ, ಬಿರಡೆ ತೆಗೆದು, ಒಂದು ಚಮಚ ವೈನ್ ಬಾಯಿಗೆ ಹಾಕಿಕೊಳ್ಳುತ್ತಾರೆ. ಕಣ್ಣು ಮುಚ್ಚಿ ಬಾಯೆಲ್ಲ ಆಡಿಸಿ, ಮೂಲೆಗೆ ಹೋಗಿ ಉಗುಳುತ್ತಾರೆ.

“ಉತ್ತತ್ತಿ ರುಚಿ ಬಂದದ. ಅಕ್ರೋಟದ್ದು ಇನ್ನಾ ಬಂದಿಲ್ರಿ.”

ಅಷ್ಟು ದುಬಾರಿ ಮಾಲನ್ನು ಉಗುಳುತ್ತಾರೆಂದರೆ ನಂಬುವವರು ಯಾರು? ಕಾವಲುಗಾರ ಬೀರೇಶ ಅಂತೂ ದಿನಾ ಮೆಟ್ಟಿಲ ಕೆಳಗೆ ನಿಂತು ಇವರ ನಡಿಗೆಯನ್ನೇ ನೋಡುತ್ತಾನೆ.

ವೈನ್ ತಂದವರು ಕಾರ್ಖಾನೆಯ ಫ್ರೆಂಚ್ ಎಂಜಿನಿಯರ್. ದಕ್ಷಿಣ ಫ್ರಾನ್ಸಿನ ಅವರ ಊರಿನ ದ್ರಾಕ್ಷಿತೋಟಗಳಲ್ಲಿ, ಸಿಹಿ ಉಳಿಯಲೆಂದು ರಸ ಹುದುಗುವಾಗಲೇ ಮದ್ಯಸಾರ ಬೆರೆಸಿ, ಗಾಜಿಗೆ ತುಂಬಿ, ವರ್ಷಗಟ್ಟಲೆ ಬಿಸಿಲಿಗಿಟ್ಟು ಮಾಗಿಸುತ್ತಾರಂತೆ. ಬಿಸಿಲಿಗೆ ಸೇಡಂನಲ್ಲಿ ಬರವೇ? ಆದರೆ ಕೊರೊನಾ ಬಂದು ಹೋದ ಮೇಲೆ ಸಾಹೇಬರಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಹಾಗಾಗಿ ದಿನಾ ರುಚಿ ನೋಡಿ ಹೇಳುವ ನಾಲಿಗೆ ಅಂಬರಾಯ ಅವರದು.

ಹೆಂಡತಿ ಸಾಬಮ್ಮನ ತಂದೆ ಸೇಂದಿ ಕುಡಿದು ಕುಡಿದೇ ಸತ್ತವರು. ಸಾಬಮ್ಮ ದಿನಾ ಸಂಜೆ ಹೊಸ್ತಿಲಲ್ಲೇ ಗಂಡನ ಬಾಯಿ ಮೂಸುತ್ತಾರೆ. ನಾಲಿಗೆ ಕೆಡಬಾರದೆಂದು ಅಂಬರಾಯ ತಂಬಾಕು ಬಿಟ್ಟದ್ದು ಬೆಂಕಿಗೆ ತುಪ್ಪ ಸುರಿದಂತಾಯಿತು. “ನಾ ಅತ್ತು ಕರೆದು ಹೇಳ್ದಾಗ ಬಿಡಲಿಲ್ಲ. ಈಗ ಯಾಕ ಬಿಟ್ಟಾನ? ಏನೋ ಮುಚ್ಚಾಕತ್ತಾನ,” ಎಂದು ಹೋದ ತಿಂಗಳು ಬಟ್ಟೆ ಗಂಟು ಕಟ್ಟಿ ತೆಂಗಳಿಯ ತವರಿಗೆ ಹೊರಟೇಬಿಟ್ಟರು.

“ಹೋಗು, ಆದ್ರ ಒಮ್ಮೆ ಕಣ್ಣಾರೆ ನೋಡಿ ಹೋಗು,” ಎಂದು ಅಂಗಲಾಚಿ ಅಂಬರಾಯ ಹೆಂಡತಿಯನ್ನು ಮಾಳಿಗೆಗೆ ಕರೆತಂದರು. ಕಂಕುಳಲ್ಲಿ ಗಂಟು ಇಟ್ಟುಕೊಂಡೇ ಸಾಬಮ್ಮ ನಿಂತರು. ಗಂಡ ಬಾಯಿಗೆ ಹಾಕಿಕೊಂಡರು, ಉಗುಳಿದರು.

“ನಾ ನೋಡಾಕತ್ತೀನಂತ ಉಗುಳ್ದಿ.”

ಸಾಬಮ್ಮ ಮೂಲೆಗೆ ಹೋಗಿ ಬಗ್ಗಿದರು. ಅಲ್ಲಿ ಕಲೆಯ ಮೇಲೆ ಕಲೆ ಒಣಗಿತ್ತು. ಅದರ ಸುತ್ತ ಇರುವೆಗಳು ಮುತ್ತಿದ್ದವು. ಗೋಡೆಯ ಬಿರುಕಿನವರೆಗೆ ಅವುಗಳ ಓಡಾಟದಿಂದ ದಾರಿಯೇ ಬಿದ್ದಿತ್ತು.

“ಇವು ಇವತ್ತ ಬಂದವಲ್ಲ,” ಎಂದವರೇ ಗಂಟು ಕೆಳಗಿಟ್ಟರು. ಅಂಬರಾಯ ಅವರಿಗೆ ಅಳು ತಡೆಯಲಾಗಲಿಲ್ಲ.

ಹಾಗೆಂದು ಬಾಯಿ ಮೂಸುವುದು ನಿಂತಿಲ್ಲ. ಸಾಹೇಬರಿಂದ ಏನು ಬೇಕು ಎಂದು ಕೇಳಿದರೆ ಅಂಬರಾಯ ಬಿರಡೆ ಒತ್ತುತ್ತ ನಗುತ್ತಾರೆ.

“ನನಗೇನೂ ಬ್ಯಾಡ್ರಿ. ಆಕಿ ಒಂದ್ಸಲ ಇದನ್ನ ನಾಲಿಗಿ ಮ್ಯಾಲ ಇಟ್ಕೋಬೇಕು. ಆಗ ಗೊತ್ತಾಗ್ತದ, ದಿನಾ ಉಗುಳೋದು ಎಷ್ಟು ತ್ರಾಸಿನ ಕೆಲಸ ಅಂತ.”