ಅರ್ಧ ಕಾಯಿಲಿನ ಒಲೆ

ಇವತ್ತು ಏಕಾದಶಿ, ಉಪವಾಸ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಸ್ನಾನಕ್ಕೆಂದು ಗೀಸರ್ ಹಾಕಿದೆ. ನಿನ್ನೆ ಮೆಕ್ಯಾನಿಕ್ ಅದರ ಕಾಯಿಲ್ ಬದಲಿಸಿದ್ದ. ನೀರು ಎಂದಿಗಿಂತ ಬೇಗ ಕಾಯಿತು. ಜೊತೆಗೆ ಸ್ವಿಚ್ಚಿನಿಂದ ಸುಟ್ಟ ವಾಸನೆಯೂ ಬಂತು.

ನಾನು ಶಾಲೆಯಲ್ಲಿದ್ದಾಗ ಅದೇ ವಾಸನೆ ನಮ್ಮೂರಿನ ಅಡುಗೆಮನೆಯಲ್ಲೂ ಬಂದಿತ್ತು. ಕರೆಂಟ್ ಒಲೆಯ ಕಾಯಿಲ್ ಸುಟ್ಟಾಗ ಚಿಕ್ಕಪ್ಪ ಕೆಟ್ಟ ಅರ್ಧವನ್ನು ಕತ್ತರಿಸಿ ಎಸೆದು, ಉಳಿದರ್ಧವನ್ನೇ ಎಳೆದು ಸಿಕ್ಕಿಸಿದ್ದರು. ಹಾಲು ನೋಡನೋಡುತ್ತಲೇ ಉಕ್ಕಿತು. "ನೋಡಮ್ಮ, ಮೊದಲಿಗಿಂತ ಜೋರು!" ಎಂದರು ಅಜ್ಜಿಗೆ.

ಕರೆಂಟು ಊರವರ ಮನೆಯೆಲ್ಲ ಸುತ್ತಿ ಬರುವ ಮೈಲಿಗೆಯೆಂದು ಅಜ್ಜಿ ಆ ಒಲೆಯನ್ನು ಮುಟ್ಟುತ್ತಿರಲಿಲ್ಲ. ಮಡಿಸೀರೆ ಒತ್ತಿಹಿಡಿದು ದೂರದಿಂದಲೇ ಅಂದರು: "ಅರ್ಧ ಹೊಟ್ಟೆ ಉಂಡೋನು ಎರಡಾಳಿನ ಕೆಲಸ ಮಾಡ್ತೀನಿ ಅಂದ್ರೆ ನಂಬ್ತೀಯೇನೋ? ಪುಟ್ಟಿ, ನಿಮ್ಮ ಮೇಷ್ಟ್ರು ಹೇಳಿಕೊಟ್ಟ ಲೆಕ್ಕ ಹಾಕೇ."

ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ವೋಲ್ಟು ಇನ್ನೂರ ಮೂವತ್ತು. ಒಲೆ ಮೊದಲು ಎಳೆಯುತ್ತಿದ್ದ ಕರೆಂಟು ಐದು ಆಂಪಿಯರ್. ಭಾಗಿಸಿದರೆ ರೋಧ ನಲವತ್ತಾರು ಓಮ್, ಗುಣಿಸಿದರೆ ಸಾಮರ್ಥ್ಯ ಸಾವಿರದ ನೂರೈವತ್ತು ವಾಟ್. ಕಾಯಿಲ್ ಅರ್ಧವಾದರೆ ರೋಧ ಇಪ್ಪತ್ತಮೂರು, ಕರೆಂಟು ಹತ್ತು, ವಾಟ್ ಎರಡು ಸಾವಿರದ ಮುನ್ನೂರು!

"ವೈರು ಐದು ಆಂಪಿಯರಿಗೇ ಹಾಕಿರೋದು, ಚಿಕ್ಕಪ್ಪ."

ಅವರು ಮೇನ್ ಆಫ್ ಮಾಡಿ ಸ್ವಿಚ್ ಬಿಚ್ಚಿದರು. ಒಳಗೆ ವೈರಿನ ಸಿಪ್ಪೆ ಬೆಲ್ಲದ ಪಾಕದಂತೆ ಕರಗಿತ್ತು.

ಇವತ್ತು ಗೀಸರ್ ಆಫ್ ಮಾಡಿ ತಣ್ಣೀರಿನಲ್ಲೇ ಸ್ನಾನ ಮುಗಿಸಿದೆ. ಮೆಕ್ಯಾನಿಕ್ ಫೋನಿನಲ್ಲಿ "ಒಣ್ಣುಂ ಆಗಾದು ಮ್ಮಾ" ಅನ್ನುತ್ತಾನೆ, ಏನೂ ಆಗಲ್ಲವಂತೆ. ಹೊಸ ಕಾಯಿಲ್ ಎಷ್ಟು ವಾಟಿನದು ಅಂದರೆ ಫೋನ್ ಇಟ್ಟುಬಿಡುತ್ತಾನೆ. ನಾನೀಗಿರುವ ಈ ಪೋರೂರಿನವರು ಯಾರಾದರೂ ಇದನ್ನು ಓದಿದರೆ, ಕೆರೆ ಹತ್ತಿರದ ಅವನ ಅಂಗಡಿಗೆ ಹೋಗಿ ಉತ್ತರ ತಂದುಕೊಡಿ. ಅಲ್ಲಿಯವರೆಗೆ ಆ ಸ್ವಿಚ್ ನನಗೂ ಮೈಲಿಗೆ.